ಮಿನುಯೆಟ್‌ನ ಎರಡನೇ ಭಾಗ

ಜೂನ್ 8, ಶನಿವಾರ
ಫಸ್ಟ್ ಶಿಫ್ಟ್ ಮುಗಿಸಿ ಪೀಣ್ಯದ ಫ್ಯಾಕ್ಟರಿಯಿಂದ ನೇರ ಜಾಲಹಳ್ಳಿಗೆ, ಫ್ಲಾರೆನ್ಸ್ ಮಿಸ್ ಮನೆಗೆ, ಪಿಯಾನೊ ಪಾಠಕ್ಕೆ. ಬಲಗೈ ಬಂತು. ಎಡಗೈಯೂ ಬಂತು. ಎರಡೂ ಕೂಡಿಸಿದರೆ ಎಲ್ಲ ಕಲಸಿಹೋಗುತ್ತದೆ. ಪಂಪಿನ ಬಿಡಿಭಾಗ ತಿರುಗಿಸಿ ತಿರುಗಿಸಿ ಗಡುಸಾದ ಬೆರಳು, ಈ ವಯಸ್ಸಿನಲ್ಲಿ ಪಿಯಾನೊ ಬೇರೆ... ಮಿಸ್ ನಗಲಿಲ್ಲ. ಈ ಮಿನುಯೆಟ್ ಮುನ್ನೂರು ವರ್ಷದ ಹಿಂದಿನ ಕುಣಿತದ ಮಟ್ಟಂತೆ. ಇದರಲ್ಲಿ ಎಡಗೈ ಬರೀ ತಾಳ ಹಾಕುವುದಿಲ್ಲ, ಅದೂ ಹಾಡುತ್ತದೆ, ಅದನ್ನೂ ಕೇಳಿಸಿಕೋ ಎಂದರು. ಇರುವುದು ಒಂದೇ ಪುಟ. ಮುಂದಿನ ವಾರ ಎರಡನೇ ಭಾಗವಂತೆ.

ಜೂನ್ 15
ಮಿಸ್ ಮೊದಲ ಸಾಲಿನಿಂದಲೇ ಶುರು ಮಾಡಿದರು. ಎಡಗೈಯೂ ಹಾಡುತ್ತದೆ — ಅದೇ ಮಾತು. ಹೊಸದಾಗಿ ಕೇಳಿದಂತೆ ತಲೆಯಾಡಿಸಿದೆ.

ಜೂನ್ 29
ಮತ್ತೆ ಮೊದಲಿನಿಂದ. ನಡುವೆ ಸೀದ ವಾಸನೆ. ಅಡುಗೆಮನೆಗೆ ಓಡಿದರೆ ಹಾಲಿನ ಪಾತ್ರೆ ಕರಕಲು. ಒಲೆ ಆರಿಸಿದೆ. ಮಿಸ್ ಬಾಗಿಲಲ್ಲೇ ನಿಂತಿದ್ದರು.
"ಸ್ಟ್ಯಾನ್ಲಿಗೆ ಹೇಳ್ಬೇಡ ಶ್ಯಾಮಲಾ. ಗೊತ್ತಾದ್ರೆ ನನ್ನ ಎಲ್ಲಾದ್ರೂ ಸೇರಿಸ್ಬಿಡ್ತಾನೆ."
ಸ್ಟ್ಯಾನ್ಲಿ ಅವರ ಮಗ. ವೈಟ್‌ಫೀಲ್ಡಿನಿಂದ ಯಾವಾಗಲೋ ಬಂದು ಹೋಗುತ್ತಾರೆ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಲಗ್ಗೆರೆಯ ರೂಮಿನಲ್ಲಿ ನನಗಾದರೂ ಯಾರಿದ್ದಾರೆ. ವಾರಕ್ಕೊಮ್ಮೆ ಇದೊಂದು...

ಜುಲೈ 20
ಎರಡನೇ ಭಾಗ ರೂಮಿನ ಕೀಬೋರ್ಡಿನಲ್ಲಿ ನಾನೇ ತಡಕಾಡಿ ಕಲಿತೆ. ಅರ್ಧಂಬರ್ಧ. ಮಿಸ್ ಮುಂದೆ ನುಡಿಸಿದೆ. ಇದು ಯಾವುದು, ಚೆನ್ನಾಗಿದೆ ಎಂದರು.

ಆಗಸ್ಟ್ 3, ಸಂಜೆ 4
ಮೆಟ್ಟಿಲಲ್ಲೇ ಗ್ಯಾಸ್ ವಾಸನೆ. ಕರೆಂಟ್ ಇರಲಿಲ್ಲ. ಮಿಸ್ ಪಿಯಾನೊ ಮುಂದೆ ಕೂತಿದ್ದಾರೆ, ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದರಲ್ಲಿ ಬೆಂಕಿಪೊಟ್ಟಣ. ಕಿತ್ತುಕೊಂಡೆ. ಕಿಟಕಿಗಳನ್ನೆಲ್ಲ ತೆರೆದೆ. ಸಿಲಿಂಡರ್ ಬಂದ್ ಮಾಡಿದೆ.
ಹೊರಗೆ ನಿಂತು ಸ್ಟ್ಯಾನ್ಲಿಗೆ ಫೋನ್ ಮಾಡಿದೆ. ಹಾಲಿನ ಪಾತ್ರೆಯಿಂದ ಹಿಡಿದು ಎಲ್ಲ ಹೇಳಿದೆ. ಥ್ಯಾಂಕ್ಸ್ ಮೇಡಂ ಎಂದರು ಅವರು.
ತಿರುಗಿದರೆ ಮಿಸ್ ಕಿಟಕಿಯಲ್ಲಿ. ಕೇಳಿಸಿಕೊಂಡಿದ್ದಾರೆ.

ಸೆಪ್ಟೆಂಬರ್ 15, ಭಾನುವಾರ
ಮಿಸ್ ಈಗ ಬೆಳ್ಳಂದೂರಿನ ಕಡೆ ಒಂದು ವೃದ್ಧಾಶ್ರಮದಲ್ಲಿ. ಪಿಯಾನೊವನ್ನು ಸ್ಟ್ಯಾನ್ಲಿ ಯಾರಿಗೋ ಕೊಟ್ಟರಂತೆ. ಅಲ್ಲಿಯ ಹಾಲ್‌ನಲ್ಲಿ ಕೀಬೋರ್ಡ್ ಇದೆ. ಸಂಗೀತ ಕೇಳಿದರೆ ಕೆಲವರಿಗೆ ನೆನಪು ಬರುತ್ತದೆ ಎಂದಳು ನರ್ಸ್. ಮಿನುಯೆಟ್ ಪೂರ್ತಿ ನುಡಿಸಿದೆ, ಎರಡೂ ಕೈಯಲ್ಲಿ. ತಪ್ಪು ಇತ್ತು, ಆದರೆ ಎಲ್ಲೂ ನಿಲ್ಲಲಿಲ್ಲ. ಮಿಸ್ ತಿರುಗಿಯೂ ನೋಡಲಿಲ್ಲ. ಹೆಸರು ಹೇಳಿದೆ. ಗೊತ್ತಾಗಲಿಲ್ಲ. ತಾವು ಟೀಚರ್ ಆಗಿದ್ದುದೂ ಗೊತ್ತಿಲ್ಲ.
ಹೊರಟಾಗ ನನ್ನ ಕೈ ಹಿಡಿದರು. ಮುಖವನ್ನೇ ನೋಡಿದರು.
"ಫೋನ್ ಮಾಡಿದ್ದು ನೀನೇ ಅಲ್ವಾ?"
ಹೌದು ಮಿಸ್ ಎಂದೆ. ಕೈ ಬಿಟ್ಟರು.

ಸೆಪ್ಟೆಂಬರ್ 21, ಶನಿವಾರ
ಕೀಬೋರ್ಡ್ ಮೇಲಿನ ಬಟ್ಟೆ ತೆಗೆದೆ. ಮತ್ತೆ ಮುಚ್ಚಿದೆ. ನಾಳೆ ರಜೆ. ಹೋದರೆ ಫೋನಿನ ಮಾತನ್ನೇ ಕೇಳುತ್ತಾರೆ. ಬೇರೇನೂ ಉಳಿದಿಲ್ಲ ಅವರಲ್ಲಿ, ಅದೊಂದು ಬಿಟ್ಟು. ಹೋಗದಿದ್ದರೆ ಅದೂ ಮರೆತುಹೋಗುತ್ತದೆ, ಅದರ ಜೊತೆ ನಾನೂ —