ಸೋಮವಾರ ಆರದ ಎಣ್ಣೆ

ಸೋಮವಾರ, ಬೆಳಿಗ್ಗೆ ಏಳು ಗಂಟೆ

ನನ್ನ ಚಿನ್ನದಂಥ ಮಗಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಇವತ್ತು ಉಪವಾಸ. ಬಾಗಿಲು ಗುಡಿಸಿ, ನೀರು ತುಂಬಿಸಿ, ದೇವರ ಪಾತ್ರೆ ತೊಳೆದಿಟ್ಟು ಕೂತಿದ್ದೇನೆ. ಒಲೆಯ ಕೆಲಸವಿಲ್ಲ, ನಿನಗೆ ಬರೆಯಲು ಪುರುಸೊತ್ತು ಸಿಕ್ಕಿತು. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ರೇಗುತ್ತೀ. ಕಾಗದವಾದರೆ ಪೂರ್ತಿ ಓದಲೇಬೇಕು.

ನಮ್ಮ ಲ್ಯಾಬಿನ ಸಾಹೇಬರು ಕಂಪ್ಯೂಟರಿಗೆ ಗ್ರಾಫ್ ಬರೆಯುವ ಸಾಫ್ಟ್‌ವೇರನ್ನು ನಿಮ್ಮ ಅಂಗಡಿಯದೇ ಕೊಂಡರೆ ನಿನ್ನ ಕೆಲಸ ಖಾಯಂ ಅಂತ ನಿಮ್ಮ ಮಾಲೀಕರು ಹೇಳಿದ್ದರಲ್ಲ. ಮೂರು ಅಂಗಡಿಯವರು ಪರೀಕ್ಷಿಸಿ ನೋಡಲೆಂದು ಒಂದೊಂದು ಬಿಟ್ಟುಹೋಗಿದ್ದರು. ಸಾಹೇಬರು ನಾನು ಬರೆದ ಲೆಕ್ಕದ ಪುಸ್ತಕವನ್ನೇ ಮೂರಕ್ಕೂ ಉಣಿಸಿದರು. ಕಾದ ಎಣ್ಣೆ ಐದೈದು ನಿಮಿಷಕ್ಕೆ ಎಷ್ಟು ಆರಿತು ಅಂತ ಥರ್ಮಾಮೀಟರ್ ನೋಡಿ ಬರೆಯುವುದು ನನ್ನ ಕೆಲಸ. ಆ ಚುಕ್ಕೆಗಳಿಗೆ ಒಪ್ಪುವ ಗೆರೆ ಹುಡುಕುವುದು ಸಾಫ್ಟ್‌ವೇರಿನ ಕೆಲಸ. ಬೇರೆ ಎರಡೂ ನುಣ್ಣಗೆ ಗೆರೆ ಎಳೆದು ಎಲ್ಲ ಸರಿ ಅಂದವು. ನಿಮ್ಮದು ಮಾತ್ರ ಸೋಮವಾರದ ಚುಕ್ಕೆಗಳನ್ನೆಲ್ಲ ಕೆಂಪು ಮಾಡಿ ಆಚೆ ನಿಲ್ಲಿಸಿ, ಇವು ಕೂರುವುದಿಲ್ಲ ಅಂತ ಹಠ ಹಿಡಿಯಿತು. ಥೇಟ್ ನೀನೇ. ಸೋಮವಾರ ಮಾತ್ರ ಎಣ್ಣೆ ನಿಧಾನ ಆರುತ್ತದೆಯೇ, ಇದಕ್ಕೆ ತಲೆ ಕೆಟ್ಟಿದೆ, ವಾಪಸ್ ಕಳಿಸುತ್ತೇನೆ ಅಂದರು ಸಾಹೇಬರು.

ತಪ್ಪು ನನ್ನದೇ ಅಂತ ನನಗೆ ಆಗಲೇ ಗೊತ್ತಾಯಿತು. ಲ್ಯಾಬಿನ ಗೋಡೆ ಗಡಿಯಾರ ನಿಂತು ವರ್ಷವಾಯಿತು. ಒಂದು ಸ್ತೋತ್ರ ಮುಗಿದರೆ ಸರಿಯಾಗಿ ಐದು ನಿಮಿಷ, ನಾನು ಅದರಲ್ಲೇ ಅಳೆಯುವುದು. ಸೋಮವಾರ ಮಾತ್ರ ಬಾಯಿ ಓಡುತ್ತದೆ. ಬೇಗ ನೋಡಿದರೆ ಎಣ್ಣೆ ಬಿಸಿಯಾಗಿಯೇ ಇರುತ್ತದಲ್ಲ.

ನನ್ನ ಕೆಲಸಕ್ಕೇ ಕುತ್ತು ಬಂದೀತೆಂದು ಎರಡು ದಿನ ತೆಪ್ಪಗಿದ್ದೆ. ಶನಿವಾರ ಸಾಹೇಬರು ನಿಮ್ಮ ಅಂಗಡಿಯ ಡಬ್ಬ ವಾಪಸ್ ಕಟ್ಟಲು ದಾರ ತರಹೇಳಿದರು. ದಾರ ತರಲಿಲ್ಲ, ಎಲ್ಲ ಹೇಳಿಬಿಟ್ಟೆ. ಹಸಿವಿಗೆ ಬಾಯಿ ಓಡಿತು ಸಾರ್, ತಪ್ಪಾಯಿತು ಅಂದೆ. ಅವರು ಕನ್ನಡಕ ತೆಗೆದರು.

"ಅಲ್ಲಮ್ಮಾ, ನಿಮಗೆ ಹಸಿವಾದರೆ ನನ್ನ ಎಣ್ಣೆ ಯಾಕೆ ಬಿಸಿಯಾಗಿರಬೇಕು?"

ಆಮೇಲೆ ಸ್ಟಾಪ್‌ವಾಚ್ ಹಿಡಿದು ಸ್ತೋತ್ರ ಹೇಳಿಸಿದರು. ಮಾಮೂಲು ನಡಿಗೆ ಒಮ್ಮೆ, ಸೋಮವಾರದ ಓಟ ಒಮ್ಮೆ. ತುಟಿ ಬಿಗಿಹಿಡಿದು ನಿಂತಿದ್ದರು, ಭಕ್ತಿಗೋ ನಗು ತಡೆಯಲಿಕ್ಕೋ ತಿಳಿಯಲಿಲ್ಲ. ಓಟದ್ದು ಮೂರೂವರೆ ನಿಮಿಷ. ಸೋಮವಾರದ ಐದು ನಿಮಿಷಗಳನ್ನೆಲ್ಲ ಮೂರೂವರೆ ಅಂತ ತಿದ್ದಿದ ಮೇಲೆ ಕೆಂಪು ಚುಕ್ಕೆಗಳೆಲ್ಲ ಬಂದು ಗೆರೆಯ ಮೇಲೆ ಕೂತವು. ಉಳಿದೆರಡು ನನ್ನ ಮುಲಾಜು ನೋಡಿದವು, ಇದೊಂದೇ ನಿಜ ಹೇಳಿದ್ದು ಅಂತ ನಿಮ್ಮದನ್ನೇ ಕೊಳ್ಳುತ್ತಾರಂತೆ. ನನ್ನನ್ನು ತೆಗೆಯಲಿಲ್ಲ. ಗಡಿಯಾರಕ್ಕೆ ಬ್ಯಾಟರಿ ಹಾಕಿಸಿದರು, ಅಷ್ಟೇ.

ನಿಮ್ಮ ಮಾಲೀಕರ ಮುಂದೆ ಸಾಫ್ಟ್‌ವೇರ್ ಬಹಳ ಜಾಣ ಅಂತ ಹೊಗಳು. ಅಮ್ಮನ ಸುದ್ದಿ ಎತ್ತಬೇಡ.

ಇಂತಿ,
ನಿನ್ನ ಅಮ್ಮ

ಬರೆಯಬಾರದೆಂದಿದ್ದ ಮಾತು: ಸಾಹೇಬರಿಗೆ ಹಸಿವು ಅಂದದ್ದು ನಿಜವಲ್ಲ. ನಿನ್ನ ಕೆಲಸ ಖಾಯಂ ಆಗಲಿ ಅಂತ ಪ್ರತಿ ಸೋಮವಾರ ಸಂಜೆಯೊಳಗೆ ಆ ಸ್ತೋತ್ರ ನೂರೆಂಟು ಸಲ ಹೇಳಿ ಮುಗಿಸುವ ಹರಕೆ ಹೊತ್ತಿದ್ದೆ. ಓಡದೆ ಮುಗಿಯುವುದಾದರೂ ಹೇಗೆ? ಖಾಯಂ ಆಯಿತೋ ಇಲ್ಲವೋ ಬೇಗ ಬರೆ, ಹರಕೆ ನಿಲ್ಲಿಸಬಹುದೋ ತಿಳಿಯಲಿ. ಕಾಗದ ಲ್ಯಾಬಿಗೆ ಬಂದರೆ ಸಾಹೇಬರ ಕಣ್ಣಿಗೆ ಬೀಳುತ್ತದೆ, ಅಂಚೆ ಕಚೇರಿಗೇ ಬರಲಿ. ಹಗಲೆಲ್ಲ ನಾನು ಲ್ಯಾಬಿನಲ್ಲಿರುತ್ತೇನೆ, ನಿನ್ನ ಚಿಕ್ಕಮ್ಮನಿಗೊಂದು ಫೋನ್ ಮಾಡು, ಹೋಗಿ ತಂದುಕೊಡಲಿ.