ತೊಟ್ಟಿಲ ಮುಂದೆ ಆಡಿದ ಸುಳ್ಳು

೨೪ ನವೆಂಬರ್ ೨೦೨೫, ಸೋಮವಾರ

ಉಪವಾಸವಿದ್ದೂ ಇಂದು ತೊಟ್ಟಿಲ ಮುಂದೆ ನಿಂತು ಸುಳ್ಳು ಹೇಳಿದೆ. ಶಿವನೇ, ನೀನೇ ನೋಡಿಕೋ.

ಹೊಲಿಗೆಯ ಹುಚ್ಚನ್ನೇ ವ್ಯಾಪಾರ ಮಾಡಿಕೊಂಡು ವರ್ಷವಾಯಿತು. ಕೂಸುಗಳಿಗೆ ತಲೆ, ಬೆನ್ನು ಮುಚ್ಚುವ ಕುಂಚಿಗೆ, ಅಂಗಿ ಹೊಲಿದು ಮಾರುತ್ತೇನೆ. ಕೊಂಡವರ ಮನೆಗೆ ಎಂದೂ ಹೋದದ್ದಿಲ್ಲ. ಕುಂಚಿಗೆ ಹೇಳಿದ್ದ ದೇವದುರ್ಗದ ಬಾಣಂತಿ ಮೌನೇಶ್ವರಿ ಮಾತ್ರ ಫೋನಿನಲ್ಲಿ ಅತ್ತಳು.

"ಹೆಸರಿಡೋ ದಿನ ಕುಂಚಿಗಿ ತವರಿಂದ ಬರಬೇಕ್ರೀ. ನನಗ ತವರೇ ಇಲ್ಲ. ಅಂಗಡ್ಯಾಗ ತಂದದ್ದಂದ್ರ ಅತ್ತಿ ಆಡಿಕೊಳ್ತಾಳ. ನೀವೇ ತರ್ರಿ, ನಮ್ಮ ಚಿಗವ್ವ, ಅವ್ವನ ತಂಗಿ ಅಂತ ಹೇಳ್ತೀನಿ."

ರಾಯಚೂರಿನಿಂದ ಬಸ್ಸು ಹಿಡಿದು ಹೋದೆ. ಕೂಸಿಗೆ ಕೆಂಪು ಖಣದ ಕುಂಚಿಗೆ ಹಾಕಿ ಗಂಟು ಕಟ್ಟಿದೆ. ಅತ್ತೆ ಬಿಡಲಿಲ್ಲ.

"ಇಷ್ಟ ದಿನ ಎಲ್ಲಿದ್ರಿ, ಚಿಗವ್ವಾರ?"

"ಇದನ್ನೇ ಹೊಲಕೋತ ಕುಂತಿದ್ನಿರೀ."

ಎಲ್ಲರೂ ನಕ್ಕರು. ಅತ್ತೆಯೂ ಅಂಚು ತಿರುವಿ ನೋಡಿ, "ಕೈ ಚಲೋ ಅದ ಬಿಡ್ರಿ" ಅಂದಳು. ಮೌನೇಶ್ವರಿ ನಗಲಿಲ್ಲ. ನನ್ನ ಸೆರಗು ಹಿಡಿದೇ ನಿಂತಿದ್ದಳು.

ಮನೆಗೆ ಬಂದಾಗಿನಿಂದ ಆ ಸುಳ್ಳೇ ಕೊರೆಯುತ್ತಿತ್ತು. ಈಗಷ್ಟೇ ಅವಳ ಫೋನು ಬಂತು.

"ಚಿಗವ್ವಾ, ಮನಿ ಮುಟ್ಟಿದೇನ? ಉಂಡೇನ?"

"ಅತ್ತಿ ಬಾಜೂಕ ಅದಾಳೇನು?" ಅಂದೆ.

"ಇಲ್ಲ, ಒಬ್ಬಾಕೀನೇ ಅದೀನಿ."

ಕೂಸಿಗೆ ತವರಿನದು ಆಯಿತು, ಬಾಣಂತಿಗೆ ಕುಪ್ಪಸ ಉಳಿದೇಹೋಯಿತು. ಹಸಿರು ಖಣ ಪೆಟ್ಟಿಗೆಯಲ್ಲಿದೆ. ಇದನ್ನು ಮಾರುವುದಿಲ್ಲ. ಅಯ್ಯೋ, ತೋಳಿನ ಅಳತೆಯನ್ನೇ ಕೇಳಲಿಲ್ಲ, ನಾಳೆ ಎದ್ದ ಕೂಡಲೇ ಫೋನು ಮಾಡಿ ಕೇಳಬೇಕು.