ಜನವಸತಿ ಇಲ್ಲ

ಕಾಗದನಗರ, ಭದ್ರಾವತಿ
೧೪ ಜುಲೈ ೨೦೨೫

ಪ್ರೀತಿಯ ಲೋಹಿತ್,

ಹೇಗಿದ್ದೀಯಾ? ಗ್ಯಾಸ್ಟ್ರಿಕ್ ಕಡಿಮೆಯಾಯಿತೇ? ಅಪ್ಪನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಶಿವಮೊಗ್ಗದಲ್ಲಿ ನೀನಿರುವ ಗೋಪಾಳದಿಂದ ಇಲ್ಲಿಗೆ ಮುಕ್ಕಾಲು ಗಂಟೆ ದಾರಿ, ಅಕ್ಕ ಯಾಕೆ ಕಾಗದ ಬರೆದಳು ಎಂದು ನಗಬೇಡ. ನಮ್ಮ ಪೇಪರ್ ಮಿಲ್ ಕ್ವಾರ್ಟರ್ಸಿನ ಮೊಬೈಲ್ ಟವರ್ ಬಂದ್ ಮಾಡಿ ಇಪ್ಪತ್ತು ದಿನವಾಯಿತು. ನಮಗೆ ಫೋನ್ ಹೋಗುತ್ತಿಲ್ಲ ಎಂದು ನಿನಗೆ ಗೊತ್ತಾಗಿಲ್ಲವೆಂದರೆ, ನೀನು ಮಾಡಿಯೇ ಇಲ್ಲ ಎಂದಾಯಿತು. ಮೇನ್ ರೋಡಿಗೆ ನಡೆದರೆ ಸಿಗ್ನಲ್ ಸಿಗುತ್ತದೆ, ನಿಜ. ಆದರೆ ಇದು ಬಸ್ಸಿನ ಗಲಾಟೆಯಲ್ಲಿ ನಿಂತು ಹೇಳುವ ಮಾತಲ್ಲ.

ಪಕ್ಕದ ಮನೆಯ ಹೂವಪ್ಪ ಮಾವ ಹೋಗಿಬಿಟ್ಟರು. ಎಂಟು ದಿನದ ಹಿಂದೆ ಬೆಳಿಗ್ಗೆ ಎದೆನೋವು ಬಂತು. ಅವರ ಹೆಂಡತಿ ಯಲ್ಲಮ್ಮತ್ತೆ ಆಂಬುಲೆನ್ಸಿಗೆ ಫೋನ್ ಮಾಡಲು ಮೊಬೈಲ್ ಹಿಡಿದು ಮೇನ್ ರೋಡಿನವರೆಗೆ ಓಡಿದರು, ಆ ವಯಸ್ಸಿನಲ್ಲಿ. ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ ಮನುಷ್ಯ. ಮಣ್ಣಿನ ದಿನ ಅಪ್ಪ ಅತ್ತೆಗೆ ಹೇಳಿದ್ದು ಕೇಳು: "ನಮ್ ಲೋಹಿತ ಆ ಟವರ್ ಕಂಪನೀಲೇ ಇಂಜಿನಿಯರ್ ಕಣಮ್ಮ. ಅದನ್ನ ಬಂದ್ ಮಾಡ್ದೋರ್ನ ಅವನು ಸುಮ್ನೆ ಬಿಡಲ್ಲ." ನಾನು ತಲೆ ತಗ್ಗಿಸಿ ನಿಂತಿದ್ದೆ.

ನನಗೆ ಮೊದಲೇ ಗೊತ್ತಿತ್ತು. ಟವರಿನ ಸಾಮಾನು ಬಿಚ್ಚಲು ಬಂದಿದ್ದ ನಿಮ್ಮ ಆಫೀಸಿನ ಜ್ಞಾನೇಶ್ ನಮ್ಮ ಮನೆಯಲ್ಲೇ ನೀರು ಕೇಳಿ ಕುಡಿದ. ನಾನು ನಿನ್ನ ಅಕ್ಕ ಎಂದು ಅವನಿಗೆ ಗೊತ್ತಿಲ್ಲ. ಇಷ್ಟು ಮನೆಗಳಿರುವಾಗ ಯಾಕೆ ಬಿಚ್ಚುತ್ತೀರಿ ಎಂದದ್ದಕ್ಕೆ ಮೊಬೈಲಿನಲ್ಲಿ ಸರ್ವೆ ರಿಪೋರ್ಟು ತೋರಿಸಿದ. 'ಜನವಸತಿ ಇಲ್ಲ' ಎಂದಿತ್ತು, ಕೆಳಗೆ ನಿನ್ನ ಸಹಿ. ಮನೆ ಮನೆಗೆ ಹೋಗಿ ಎಣಿಸಬೇಕಿತ್ತಂತೆ. ನೀನು ಆಫೀಸಿನಲ್ಲೇ ಕೂತು, "ಅದು ನಮ್ಮೂರೇ ಮಾರಾಯ, ನಂಗೊತ್ತು. ಮಿಲ್ ಮುಚ್ಚಿದ್ಮೇಲೆ ಅಲ್ಲಿ ಯಾರಿದಾರೆ" ಎಂದೆಯಂತೆ. ಊರಿನವನ ಮಾತೆಂದು ಎಲ್ಲರೂ ನಂಬಿದರು. ಯಾರಿದ್ದಾರೆ? ನಿನ್ನ ಅಪ್ಪ ಇದ್ದಾರೆ, ನಾನಿದ್ದೇನೆ. ನಮ್ಮ ಸಾಲಿನಲ್ಲೇ ಹದಿನಾಲ್ಕು ಮನೆಯಲ್ಲಿ ಒಲೆ ಉರಿಯುತ್ತಿದೆ. ದೇಶದ ಮೂಲೆಮೂಲೆಗೂ ನೆಟ್‌ವರ್ಕ್ ಮುಟ್ಟಿಸುತ್ತೇವೆ ಎಂದು ಸ್ಟೇಟಸ್ ಹಾಕಿಕೊಂಡಿದ್ದವನು ನೀನು. ನನಗೆ ಅಸಹ್ಯವಾಗುತ್ತಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಅಪ್ಪ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ನನ್ನದೂ ಇದೆ, ಸಿಟ್ಟಿನ ಜೊತೆಗೇ.

ನಿನ್ನ ಅಕ್ಕ,
ಸಮತಾ

ತಾ.ಕ.: ಯಲ್ಲಮ್ಮತ್ತೆಗೆ ಬರೆಯಲು ಬಾರದು. ಡಿಸಿಗೆ ಕೊಡುವ ದೂರಿನ ಅರ್ಜಿಯನ್ನು ನನ್ನ ಕೈಯಲ್ಲೇ ಬರೆಸಿದ್ದಾರೆ. ಜನರಿಲ್ಲ ಎಂದು ಯಾರೋ ಬರೆದುಕೊಟ್ಟಿದ್ದಾರೆ ಎಂದಷ್ಟೇ ಅವರಿಗೆ ಹೇಳಿದ್ದೇನೆ. ಹಾಗೆ ಬರೆದುಕೊಟ್ಟವನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಭಾನುವಾರದೊಳಗೆ ಬಂದು, ಅತ್ತೆಯ ಎದುರು ಕೂತು, ನೀನೇ ಬರೆ. ಬಾರದಿದ್ದರೆ ಸೋಮವಾರ ನಾನು ಬರೆಯುತ್ತೇನೆ, ಅಪ್ಪನಿಗೆ ಓದಿ ಹೇಳಿಯೇ ಕೊಡುತ್ತೇನೆ.